ಜೋಳದ ಋಣದಿಂದ ಜನರ ಋಣಕ್ಕೆ

ಬೆಳಗಿನ ಪ್ರಾರ್ಥನೆಗೆ ಸಾಲಾಗಿ ನಿಂತ ಮಕ್ಕಳು ಬಲಗೈ ಮುಂದೆ ಚಾಚಿ ರಾಷ್ಟ್ರೀಯ ಪ್ರತಿಜ್ಞೆ ಹೇಳುವುದು ಯಳವತ್ತಿಯಂಥ ಹಳ್ಳಿಯಲ್ಲೂ ಅಷ್ಟೇ, ಬೆಂಗಳೂರಿನಲ್ಲೂ ಅಷ್ಟೇ. ಒಬ್ಬ ಮುಂದೆ ನಿಂತು ತುಣುಕು ತುಣುಕಾಗಿ ಹೇಳಿಕೊಡುತ್ತಾನೆ, ಉಳಿದವರು ರಾಗವಾಗಿ ಒಪ್ಪಿಸುತ್ತಾರೆ. ಮುಗಿಯುವ ಹೊತ್ತಿಗೆ ಸೋತ ಕೈ ಮುಂದಿನವನ ಹೆಗಲಿಗೆ ಬಂದಿರುತ್ತದೆ. ನಾಡಗೀತೆ ಬರೆದವರು ಯಾರೆಂದರೆ ಥಟ್ಟನೆ ಕುವೆಂಪು ಎನ್ನುವ ಮಕ್ಕಳು, ಪ್ರತಿಜ್ಞೆ ಬರೆದವರು ಯಾರೆಂದರೆ ಮಾಸ್ತರರ ಮುಖ ನೋಡುತ್ತಾರೆ. ಮಾಸ್ತರರು ಕಿಟಕಿ ನೋಡುತ್ತಾರೆ.

ಬರೆದವರು ಪೈಡಿಮರ್ರಿ ವೆಂಕಟ ಸುಬ್ಬಾರಾವ್. ನಲ್ಗೊಂಡ ಜಿಲ್ಲೆಯವರು. 1962ರಲ್ಲಿ ವಿಶಾಖಪಟ್ಟಣದಲ್ಲಿ ಖಜಾನೆ ಅಧಿಕಾರಿಯಾಗಿದ್ದಾಗ ತೆಲುಗಿನಲ್ಲಿ ಬರೆದರು. ಅದು ರಾಜಕಾರಣಿ ತೆನ್ನೇಟಿ ವಿಶ್ವನಾಥಂ ಅವರ ಮೂಲಕ ಆಂಧ್ರದ ಶಿಕ್ಷಣ ಸಚಿವ ಪಿ.ವಿ.ಜಿ. ರಾಜು ಅವರ ಕೈ ಸೇರಿ, ಮರುವರ್ಷ ಅಲ್ಲಿನ ಶಾಲೆಯೊಂದರಲ್ಲಿ ಮೊದಲು ಕೇಳಿಸಿತು. ದೇಶಕ್ಕೆಲ್ಲ ಅದು ಹಬ್ಬಿದ್ದು ನಮ್ಮ ನೆಲದಿಂದ: 1964ರ ಅಕ್ಟೋಬರ್‌ನಲ್ಲಿ ಕೇಂದ್ರ ಶಿಕ್ಷಣ ಸಚಿವ ಎಂ.ಸಿ. ಛಾಗ್ಲಾ ಅಧ್ಯಕ್ಷತೆಯಲ್ಲಿ ಕೇಂದ್ರ ಶಿಕ್ಷಣ ಸಲಹಾ ಮಂಡಳಿ ಬೆಂಗಳೂರಿನಲ್ಲಿ ಸೇರಿ ಇದನ್ನು ಶಾಲೆಗಳಿಗೆ ಒಯ್ಯಲು ತೀರ್ಮಾನಿಸಿತು. 1965ರ ಜನವರಿ 26ರಿಂದ ಜಾರಿ. ಸುಬ್ಬಾರಾವ್ 1988ರಲ್ಲಿ ತೀರಿಕೊಂಡರು, ಹೆಚ್ಚಿನ ಪಠ್ಯಪುಸ್ತಕಗಳು ಅವರ ಹೆಸರು ಅಚ್ಚು ಹಾಕದೆಯೇ.

ನಿಷ್ಠೆಯ ಆಣೆ ಈ ಸೀಮೆಗೆ ಹೊಸದಲ್ಲ. ಯಳವತ್ತಿಯ ಪಕ್ಕದ ಲಕ್ಷ್ಮೇಶ್ವರವೇ ಹಿಂದಿನ ಪುಲಿಗೆರೆ. ಅಲ್ಲಿನ ತಿರುಳ್ಗನ್ನಡವನ್ನು ಪಂಪ ತೆಲುಗು ಸೀಮೆಯ ವೇಮುಲವಾಡಕ್ಕೆ ಒಯ್ದು ಭಾರತ ಬರೆದ. ಅವನ ಕರ್ಣ ತಾನು ಪಾಂಡವರ ಅಣ್ಣನೆಂದು ತಿಳಿದ ಮೇಲೂ ಉಂಡ ಮನೆ ಬಿಡಲಿಲ್ಲ. ಜೋಳವಾಳಿ, ವೇಳೆವಾಳಿ ಎಂದು ಹಳಬರು ಕರೆದದ್ದು ಇದನ್ನೇ: ಅನ್ನ ಕೊಟ್ಟ ಒಡೆಯನಿಗೆ ತಲೆ ಕೊಡುವುದು. ಹೊಯ್ಸಳ ದೊರೆ ಇಮ್ಮಡಿ ಬಲ್ಲಾಳ ಸತ್ತಾಗ ಅವನ ದಂಡನಾಯಕ ಕುವರಲಕ್ಷ್ಮ ತನ್ನವರೊಡನೆ ಪ್ರಾಣ ಬಿಟ್ಟದ್ದನ್ನು ಹಳೇಬೀಡಿನ ಕಂಬ ಇಂದಿಗೂ ಹೇಳುತ್ತದೆ. ಕೇಳಿದರೆ ಮೈ ಜುಮ್ಮೆನ್ನುತ್ತದೆ ನಿಜ. ಆದರೆ ಒಡೆಯನ ನಡೆ ಸರಿಯೋ ತಪ್ಪೋ ಎಂದು ಕೇಳಲು ಆ ಆಣೆಯಲ್ಲಿ ಜಾಗವಿರಲಿಲ್ಲ.

ಶಾಲೆಯ ಪ್ರತಿಜ್ಞೆಗಳಲ್ಲಿ ಅಂಥ ಒಡೆಯನಿಲ್ಲ. ಅಮೆರಿಕದಲ್ಲಿ 1892ರಲ್ಲಿ ಫ್ರಾನ್ಸಿಸ್ ಬೆಲ್ಲಾಮಿ ಬರೆದ ಪ್ರತಿಜ್ಞೆಯ ನಿಷ್ಠೆ ಮೊದಲು ಧ್ವಜಕ್ಕೆ. ಅದನ್ನು ಅಚ್ಚು ಹಾಕಿದ ಪತ್ರಿಕೆ ಶಾಲೆಗಳಿಗೆ ಬಾವುಟವನ್ನೂ ಮಾರುತ್ತಿತ್ತು! ದೇವರ ಹೆಸರು ಸೇರಿದ್ದು 1954ರಲ್ಲಿ. ಸುಬ್ಬಾರಾವ್ ಬರಹದಲ್ಲಿ ದೇವರಿಲ್ಲ, ಧ್ವಜವಿಲ್ಲ, ಸರ್ಕಾರವಿಲ್ಲ. ಹೆತ್ತವರು, ಗುರುಗಳು, ಹಿರಿಯರು ಇದ್ದಾರೆ. ಎಲ್ಲರೊಡನೆ ಸೌಜನ್ಯದಿಂದ ನಡೆಯುವ ಮಾತಿದೆ. ದೇಶದ ಜೊತೆಗೇ ಅದರ ಜನಕ್ಕೂ ನಿಷ್ಠೆಯಿದೆ, ಅವರ ಏಳಿಗೆಯೇ ನನ್ನ ಸಂತೋಷ ಎಂಬ ಒಪ್ಪಿಗೆಯಿದೆ. ಇದರಲ್ಲಿ ನನಗೆ ಮುಖ್ಯವಾಗಿ ಕಾಣುವುದು ಈ ಜನವೇ. ಮಕ್ಕಳು ಮಾತ್ರ ಅಲ್ಲಿಗೆ ಬರುವಷ್ಟರಲ್ಲಿ ಕೈ ಇಳಿಸುವ ಆತುರದಲ್ಲಿರುತ್ತಾರೆ. ವರ್ಷಕ್ಕೊಂದು ಪೀರಿಯಡ್ಡಾದರೂ ಇದರ ಅರ್ಥಕ್ಕೆ ಮೀಸಲಿಟ್ಟರೆ ಪಾಠವೇನೂ ಹಿಂದೆ ಬೀಳದು.

ಬಲವಂತ ಬೇರೆಯೇ ಮಾತು. ರಾಷ್ಟ್ರಗೀತೆಗೆ ಗೌರವದಿಂದ ಎದ್ದು ನಿಂತರೂ ಹಾಡದ ಮೂವರು ಮಕ್ಕಳನ್ನು ಕೇರಳದ ಶಾಲೆ ಹೊರಹಾಕಿದಾಗ, 1986ರಲ್ಲಿ ಸುಪ್ರೀಂ ಕೋರ್ಟ್ ಮಕ್ಕಳ ಪರ ನಿಂತಿತು. ಇನ್ನು 1976ರಲ್ಲಿ ಸಂವಿಧಾನಕ್ಕೆ ಸೇರಿದ ಮೂಲಭೂತ ಕರ್ತವ್ಯಗಳಲ್ಲಿ ಧ್ವಜವಿದೆ, ರಾಷ್ಟ್ರಗೀತೆಯಿದೆ. ಈ ಪ್ರತಿಜ್ಞೆಯ ಹೆಸರೇ ಅಲ್ಲಿಲ್ಲ.