ಅರಗಿನ ಮುದ್ರೆಯ ಕಾಲ ಮುಗಿಯಿತು

ಬೆಳಗಾವಿಯ ಶಹಾಪುರದಲ್ಲಿ ಸೀರೆ ಅಂಗಡಿಯಿಂದ ಅಕ್ಕಸಾಲಿಗರ ಮಳಿಗೆಯವರೆಗೆ ಇಂದು ಕ್ಯಾಮೆರಾ ಇಲ್ಲದ ಬಾಗಿಲು ಅಪರೂಪ. ಎಷ್ಟೋ ಕ್ಯಾಮೆರಾಗಳು ಅಂತರ್ಜಾಲದ ಮೂಲಕ ಮಾಲೀಕನ ಮೊಬೈಲಿಗೇ ದೃಶ್ಯ ಕಳಿಸುತ್ತವೆ. 2016ರ ಜನವರಿಯಲ್ಲಿ ಕೇಂದ್ರ ಆರಿಸಿದ ಮೊದಲ 20 ಸ್ಮಾರ್ಟ್ ನಗರಗಳಲ್ಲಿ ನಮ್ಮದೂ ಒಂದು. ಅಪರಾಧ ನಡೆದರೆ ಸಾಕ್ಷ್ಯಕ್ಕೆ ಬರವಿಲ್ಲವೆಂದು ನಾವು ನೆಮ್ಮದಿಯಿಂದಿದ್ದೇವೆ. ಅದು ಅವಸರದ ನೆಮ್ಮದಿ.

ಯಂತ್ರದ ಸಾಕ್ಷ್ಯ ಪ್ರಬಲವೆಂಬುದರಲ್ಲಿ ಸಂದೇಹವಿಲ್ಲ. ಅಮೆರಿಕದ ಕನೆಕ್ಟಿಕಟ್‌ನಲ್ಲಿ 2015ರಲ್ಲಿ ಮುಸುಕುಧಾರಿಯೊಬ್ಬ ಪತ್ನಿಯನ್ನು ಕೊಂದನೆಂದು ಪತಿ ಹೇಳಿದ. ಅವನು ಹೇಳಿದ ಹೊತ್ತಿನ ನಂತರವೂ ಆಕೆ ಓಡಾಡುತ್ತಿದ್ದುದನ್ನು ಆಕೆ ಧರಿಸಿದ್ದ ಫಿಟ್‌ಬಿಟ್ ದಾಖಲಿಸಿತ್ತು. 2022ರಲ್ಲಿ ಪತಿಯೇ ತಪ್ಪಿತಸ್ಥನೆಂದು ತೀರ್ಪಾಯಿತು.

ಆದರೆ ಈ ಸಾಕ್ಷ್ಯ ಅಲ್ಪಾಯುಷಿ. ಕ್ಯಾಮೆರಾದ ಡಿಸ್ಕ್ ತುಂಬಿದೊಡನೆ ಹಳೆಯ ದೃಶ್ಯದ ಮೇಲೆ ಹೊಸದು ಮುದ್ರಿತವಾಗುತ್ತದೆ. ವೈಫೈ ಪೆಟ್ಟಿಗೆಯ ವಿದ್ಯುತ್ ಕಿತ್ತರೆ ಅದರ ನೆನಪೇ ಅಳಿಯಬಹುದು. ವಶಪಡಿಸಿಕೊಂಡ ಫೋನು ಜಾಲದ ಸಂಪರ್ಕದಲ್ಲೇ ಉಳಿದರೆ ದೂರದಿಂದಲೇ ಅದನ್ನು ಬರಿದು ಮಾಡಬಹುದು. ಇದನ್ನರಿತೇ ಕರ್ನಾಟಕ ಹೈಕೋರ್ಟ್ 2021ರಲ್ಲಿ, ವೀರೇಂದ್ರ ಖನ್ನಾ ಪ್ರಕರಣದಲ್ಲಿ, ಸಂಕೇತಗಳನ್ನು ತಡೆಯುವ ಫ್ಯಾರಡೆ ಚೀಲದವರೆಗೆ ವಿವರವಾದ ಸೂಚನೆಗಳನ್ನು ನೀಡಿತು.

2024ರ ಜುಲೈ 1ರಿಂದ ಜಾರಿಯಾದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರದಲ್ಲಿ ಹ್ಯಾಷ್ ಮೌಲ್ಯ ನಮೂದಿಸಬೇಕು. ಕಡತದ ಒಂದಕ್ಷರ ತಿದ್ದಿದರೂ ಬದಲಾಗುವ ಸಂಖ್ಯೆಯದು. ಸೇವೆಯಲ್ಲಿದ್ದಾಗ ನಾನು ಅರಗಿನ ಮುದ್ರೆಯ ಪಂಚನಾಮೆಗಳನ್ನು ಬಹಳ ಕಂಡಿದ್ದೇನೆ. ಒಡೆದ ಮುದ್ರೆಯನ್ನು ಮತ್ತೆ ಒತ್ತಿದ್ದನ್ನೂ ಕಂಡಿದ್ದೇನೆ, ಅದಿರಲಿ. ಹ್ಯಾಷ್ ಅಂಥ ಉಪಾಯಕ್ಕೆ ಬಗ್ಗದು. ಆದರೆ ಅದನ್ನು ತೆಗೆಯುವ ಮುನ್ನವೇ ಕಳೆದುಹೋದದ್ದನ್ನು ಅದು ಮರಳಿಸಲಾರದು.

ನಾಗರಿಕ ಸುರಕ್ಷಾ ಸಂಹಿತೆಯ ಪ್ರಕಾರ ಏಳು ವರ್ಷ ಅಥವಾ ಹೆಚ್ಚಿನ ಶಿಕ್ಷೆಯ ಅಪರಾಧಗಳಲ್ಲಿ ವಿಧಿವಿಜ್ಞಾನ ತಜ್ಞರು ಸ್ಥಳಕ್ಕೆ ಬರಬೇಕು. ಜಾರಿಗೆ ಮಾತ್ರ ರಾಜ್ಯಗಳಿಗೆ ಐದು ವರ್ಷಗಳವರೆಗೆ ಅವಕಾಶವಿದೆ. ಅಪರಾಧಿಗಳು ಅಷ್ಟು ಕಾಯುವವರಲ್ಲ. 2025ರ ಮಾರ್ಚ್‌ನಲ್ಲಿ ಖಾನಾಪುರ ತಾಲ್ಲೂಕಿನ ವೃದ್ಧ ದಂಪತಿ, ಅಧಿಕಾರಿಗಳ ಸೋಗಿನಲ್ಲಿ ಕರೆ ಮಾಡಿದ ವಂಚಕರಿಗೆ ಲಕ್ಷಾಂತರ ರೂಪಾಯಿ ತೆತ್ತು, ಕೊನೆಗೆ ಪ್ರಾಣವನ್ನೇ ಬಿಟ್ಟರು. ಅಂಥ ಮನೆಯನ್ನು ಮೊದಲು ತಲುಪುವವರು ತಾಲ್ಲೂಕು ಠಾಣೆಯ ಸಿಬ್ಬಂದಿಯೇ ಹೊರತು ಪ್ರಯೋಗಾಲಯದ ತಜ್ಞರಲ್ಲ.

ಅರ್ಥಶಾಸ್ತ್ರ ಓದಿದವನಿಗೆ ಇಲ್ಲಿ ಲೆಕ್ಕ ಸರಳ. ಪ್ರಯೋಗಾಲಯಕ್ಕೆ ಕೋಟಿಗಳು ಬೇಕು. ಪ್ರತಿ ಠಾಣೆಗೆ ನಾಲ್ಕು ಫ್ಯಾರಡೆ ಚೀಲ, ಯಾವ ತಂತಿ ಕೀಳಬಾರದೆಂದು ಬಲ್ಲ ಇಬ್ಬರು ಕಾನ್‌ಸ್ಟೇಬಲ್‌ಗಳು, ಇವಕ್ಕೆ ಅಷ್ಟು ಬೇಡ. ಶಂಕುಸ್ಥಾಪನೆಯ ಕಲ್ಲು ನೆಡಲು ಬಾರದ ವೆಚ್ಚವಾದ್ದರಿಂದಲೋ ಏನೋ, ಇದಕ್ಕಾಗಿ ಕೇಳುವವರು ಕಡಿಮೆ.