ಆಲೂಗೆಡ್ಡೆಯ ಎಲೆಯ ಬಣ್ಣಗೇಡು: ಮೊದಲು ಪರೀಕ್ಷೆ, ಅನಂತರ ಔಷಧ

ಚಾಮರಾಜನಗರ ಮತ್ತು ಗುಂಡ್ಲುಪೇಟೆ ತಾಲ್ಲೂಕುಗಳಲ್ಲಿ ಆಲೂಗೆಡ್ಡೆಯನ್ನು ಹೊಲದಲ್ಲಿ ಬೆಳೆಯುವವರಿರುವಂತೆಯೇ, ಮನೆಯ ಖರ್ಚಿಗೆಂದು ಹಿತ್ತಿಲಿನಲ್ಲಿ ನಾಲ್ಕಾರು ಸಾಲು ನೆಡುವವರೂ ಉಂಟು. ಈ ಗಿಡಗಳ ಎಲೆ ಹಳದಿಯಾದೊಡನೆ ಸಾಮಾನ್ಯವಾಗಿ ನಡೆಯುವುದು ಎರಡೇ ಕೆಲಸ: ಬುಡಕ್ಕೆ ಹಿಡಿ ಯೂರಿಯಾ ಚೆಲ್ಲುವುದು, ಇಲ್ಲವೆ ಅಂಗಡಿಯಲ್ಲಿ ಕೊಟ್ಟ ಯಾವುದೋ ಔಷಧವನ್ನು ಸಿಂಪಡಿಸುವುದು. ಹಳದಿಯೆಂಬುದು ರೋಗದ ಹೆಸರಲ್ಲ. ಮನುಷ್ಯನಿಗೆ ಜ್ವರವಿದ್ದಂತೆ ಅದೊಂದು ಲಕ್ಷಣ ಮಾತ್ರ. ಕಾರಣವನ್ನರಿಯದೆ ಮಾಡುವ ಚಿಕಿತ್ಸೆಯಿಂದ ಹಣವೂ ಹೋಗುವುದು, ಗಿಡವೂ ಉಳಿಯದು.

ಪರೀಕ್ಷೆಗೆ ದೊಡ್ಡ ವಿದ್ಯೆಯೇನೂ ಬೇಕಾಗಿಲ್ಲ. ಬಣ್ಣಗೇಡು ಗಿಡದ ಯಾವ ಭಾಗದಿಂದ ಆರಂಭವಾಯಿತೆಂಬುದನ್ನು ಮೊದಲು ನೋಡತಕ್ಕದ್ದು. ಕೆಳಗಿನ ಹಳೆಯ ಎಲೆಗಳೆಲ್ಲ ಒಂದೇ ಸಮನೆ ಬಿಳಿಚಿ, ಗಿಡ ಕುಗ್ಗಿದ್ದರೆ ಸಾರಜನಕದ ಕೊರತೆ. ಆ ಎಲೆಗಳ ಅಂಚು ಸುಟ್ಟಂತೆ ಕಂದಿದ್ದರೆ ಪೊಟ್ಯಾಷ್ ಸಾಲದು. ನರಗಳು ಹಸುರಾಗಿಯೇ ಉಳಿದು ನಡುವಣ ಭಾಗ ಹಳದಿಯಾಗಿದ್ದರೆ ಮೆಗ್ನೀಷಿಯಂ ಸಾಲದು. ಇದೇ ಚಿಹ್ನೆ ತುದಿಯ ಎಳೆಯ ಎಲೆಗಳಲ್ಲಿ ಕಂಡರೆ ಕಬ್ಬಿಣದ ಕೊರತೆ. ಸುಣ್ಣದ ಅಂಶ ಹೆಚ್ಚಾದ ನೆಲದಲ್ಲಿ ಇದು ಸಹಜ. ನೀರು ನಿಂತು ಬೇರಿಗೆ ಗಾಳಿಯಾಡದಿದ್ದರೂ ಎಲೆ ಹಳದಿಯಾಗುವುದುಂಟು. ಅಂತಹ ಗಿಡಕ್ಕೆ ಬೇಕಾದುದು ಬಸಿಗಾಲುವೆಯೇ ಹೊರತು ಗೊಬ್ಬರವಲ್ಲ. ನೆಟ್ಟ ಮೂರು ತಿಂಗಳ ಸುಮಾರಿಗೆ ಗೆಡ್ಡೆ ಬಲಿತು ಎಲೆ ಹಣ್ಣಾಗುವುದಂತೂ ರೋಗವೇ ಅಲ್ಲ.

ಎರಡನೆಯದಾಗಿ, ಎಲೆಯನ್ನು ಮಗುಚಿ ನೋಡಬೇಕು. ತುದಿಯ ಎಲೆಗಳ ತಳಭಾಗ ತಾಮ್ರದ ಬಣ್ಣಕ್ಕೆ ತಿರುಗಿದ್ದರೆ ನುಸಿಯ ಬಾಧೆಯನ್ನು ಶಂಕಿಸಬೇಕು. ಎಲೆಗಳು ಮೇಲಕ್ಕೆ ಸುರುಳಿಯಾಗಿ ತೊಗಲಿನಂತೆ ಗಡುಸಾಗಿದ್ದರೆ, ಅಥವಾ ಹಳದಿ ಹಸುರು ಬೆರೆತು ಮುದುಡಿದ್ದರೆ, ಅದು ನಂಜುರೋಗ. ಇದು ಸಸ್ಯಹೇನಿನಿಂದ ಹರಡುವುದು. ರೋಗದ ಗಿಡದ ಗೆಡ್ಡೆಯನ್ನು ಬಿತ್ತನೆಗೆ ಇಟ್ಟರೆ ಮುಂದಿನ ಬೆಳೆಗೂ ಬರುವುದು. ಇದಕ್ಕೆ ಔಷಧವಿಲ್ಲ. ಗಿಡವನ್ನು ಗೆಡ್ಡೆಸಹಿತ ಕಿತ್ತುಹಾಕುವುದೇ ದಾರಿ.

ಹಳೆಯ ಎಲೆಗಳ ಮೇಲೆ ಉಂಗುರದೊಳಗೆ ಉಂಗುರ ಬರೆದಂತಹ ಕಂದು ಚುಕ್ಕೆಗಳಿದ್ದರೆ ಅದು ಮುಂಚಿನ ಅಂಗಮಾರಿ. ಇದು ನಿಧಾನದ ಶತ್ರು. ಎಲೆಯ ತುದಿಯಲ್ಲಿಯೂ ಅಂಚಿನಲ್ಲಿಯೂ ನೀರಿನಲ್ಲಿ ನೆನೆದಂತಹ ಕಪ್ಪು ಮಚ್ಚೆಗಳು ಮೂಡಿ, ಬೆಳಗಿನ ಹೊತ್ತು ಅವುಗಳ ತಳದಲ್ಲಿ ಬಿಳಿಯ ಬೂಷ್ಟು ಕಂಡರೆ ಅದು ಕೊನೆ ಅಂಗಮಾರಿ. ೧೮೪೫ರಿಂದ ಮುಂದಕ್ಕೆ ಐರ್ಲೆಂಡ್ ದೇಶವನ್ನು ಕ್ಷಾಮಕ್ಕೆ ಗುರಿಮಾಡಿದ ರೋಗವಿದೇ. ಮೋಡ ಕವಿದು ತಂಪೂ ತೇವವೂ ಕೂಡಿದರೆ ಕೆಲವೇ ದಿನಗಳಲ್ಲಿ ಇಡೀ ತಾಕನ್ನು ಸುಡುವುದು.

ಎಲೆ ಹಸುರಾಗಿರುವಾಗಲೇ ಗಿಡ ಹಗಲಿನಲ್ಲಿ ಬಾಡಿ ಜೋತುಬಿದ್ದರೆ ಇನ್ನೊಂದು ಪರೀಕ್ಷೆಯುಂಟು. ಬುಡದ ಕಾಂಡವನ್ನು ಬೆರಳುದ್ದ ಕತ್ತರಿಸಿ, ಗಾಜಿನ ಲೋಟದ ತಿಳಿನೀರಿನಲ್ಲಿ ತೂಗುಹಾಕಬೇಕು. ಕತ್ತರಿಸಿದ ತುದಿಯಿಂದ ಹಾಲಿನಂತಹ ಎಳೆಗಳು ಇಳಿದರೆ ಅದು ದುಂಡಾಣು ಸೊರಗು ರೋಗ. ಇದು ನೆಲದಲ್ಲಿಯೇ ನೆಲೆಸುವುದರಿಂದ ಆ ಜಾಗದಲ್ಲಿ ಕೆಲವು ವರ್ಷ ಆಲೂಗೆಡ್ಡೆ, ಟೊಮೆಟೊ, ಬದನೆ, ಮೆಣಸಿನಕಾಯಿಗಳನ್ನು ಬಿಟ್ಟು ರಾಗಿ, ಜೋಳ ಮುಂತಾದುವನ್ನು ಬೆಳೆಯುವುದು ಲೇಸು.

ಹಿತ್ತಿಲಿನ ಹತ್ತು ಗಿಡಕ್ಕೆ ಇಷ್ಟು ಶ್ರಮವೇಕೆಂದು ಕೆಲವರು ಕೇಳಬಹುದು. ಹಿತ್ತಿಲು ಒಬ್ಬನದಾದರೂ ಗಾಳಿ ಊರಿನದು. ಗುಂಡ್ಲುಪೇಟೆಯ ಕಡೆ ಟೊಮೆಟೊ ಬೇಸಾಯ ವಿಶೇಷವಾಗಿರುವುದು. ಕೊನೆ ಅಂಗಮಾರಿಯೂ ಸೊರಗು ರೋಗವೂ ಅದನ್ನೂ ಬಿಡುವುವಲ್ಲ. ಸಂತೆಯಲ್ಲಿ ಊಟಕ್ಕೆ ತಂದ ಗೆಡ್ಡೆಯನ್ನೇ ಕತ್ತರಿಸಿ ಹಿತ್ತಿಲಿನಲ್ಲಿ ಹೂಳುವ ಅಭ್ಯಾಸದಿಂದ ರೋಗಕ್ಕೆ ಊರಿನ ಬಾಗಿಲು ತೆರೆದಂತಾಗುವುದು. ಹಿತ್ತಿಲಿಗೂ ಆರೋಗ್ಯವಾದ ಬಿತ್ತನೆ ಗೆಡ್ಡೆಯನ್ನೇ ತರಬೇಕು. ರೋಗದ ಗಿಡವನ್ನು ತಿಪ್ಪೆಗಾಗಲಿ ಕಾಲುವೆಗಾಗಲಿ ಎಸೆಯದೆ ಸುಡಬೇಕು, ಇಲ್ಲವೆ ಆಳವಾಗಿ ಹೂಳಬೇಕು.

ಕಾರಣ ತಿಳಿದ ಮೇಲೆ ಔಷಧ ಫಲಿಸುವುದೆಂಬುದಕ್ಕೆ ನಮ್ಮ ನಾಡಿನಲ್ಲಿಯೇ ನಿದರ್ಶನವಿದೆ. ೧೯೦೮ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದ ಡಾಕ್ಟರ್ ಲೆಸ್ಲಿ ಕೋಲ್ಮನ್ ಅವರು ಅಡಕೆಯ ಕೊಳೆರೋಗಕ್ಕೆ ಕಾರಣವಾದ ಸೂಕ್ಷ್ಮಜೀವಿಯನ್ನು ಗುರುತಿಸಿ, ಬೋರ್ಡೋ ದ್ರಾವಣದ ಸಿಂಪಡಣೆಯನ್ನು ಬಳಕೆಗೆ ತಂದರು. ಆಲೂಗೆಡ್ಡೆಯ ಕೊನೆ ಅಂಗಮಾರಿಯ ಜೀವಿಯೂ ಅದೇ ಕುಲದ್ದು. ನೂರು ಗ್ರಾಂ ಮೈಲುತುತ್ತನ್ನು ಐದು ಲೀಟರ್ ನೀರಿನಲ್ಲಿಯೂ, ಅಷ್ಟೇ ಸುಟ್ಟ ಸುಣ್ಣವನ್ನು ಇನ್ನೈದು ಲೀಟರಿನಲ್ಲಿಯೂ, ಕಬ್ಬಿಣವಲ್ಲದ ಪಾತ್ರೆಗಳಲ್ಲಿ ಬೇರೆ ಬೇರೆಯಾಗಿ ಕರಗಿಸಿ ಕೂಡಿಸಿದರೆ ಹತ್ತು ಲೀಟರ್ ದ್ರಾವಣವಾಗುವುದು. ಹೊಳೆಯುವ ಚಾಕುವನ್ನು ಅದ್ದಿದಾಗ ಕೆಂಪು ಲೇಪ ಹತ್ತಿದರೆ ಸುಣ್ಣ ಇನ್ನೂ ಬೇಕೆಂದು ತಿಳಿಯಬೇಕು. ರೋಗ ಹಬ್ಬುವ ಮುನ್ನ ಸಿಂಪಡಿಸಿದರೆ ಮಾತ್ರ ಇದರಿಂದ ಫಲವುಂಟು. ನಂಜುರೋಗಕ್ಕೂ ಸೊರಗು ರೋಗಕ್ಕೂ ಇದು ಮದ್ದಲ್ಲ.

ಊರಿನ ಯಜಮಾನರೂ ಜಮೀನುದಾರರೂ ಇದರಲ್ಲಿ ಮುಂದಾಗುವುದು ಉಚಿತ. ದೊಡ್ಡ ಹೊಲದವರು ಎಲೆ ಮಗುಚಿ ನೋಡುವುದನ್ನು ಕಂಡರೆ ಚಿಕ್ಕ ಒಕ್ಕಲುಗಳೂ ನೋಡುವರು. ಸಂದೇಹವಿದ್ದಲ್ಲಿ ಬೇರು, ಕಾಂಡ, ಎಲೆಗಳಿರುವ ಇಡೀ ಗಿಡವನ್ನು ಕಾಗದದಲ್ಲಿ ಸುತ್ತಿ, ಹೋಬಳಿಯ ರೈತ ಸಂಪರ್ಕ ಕೇಂದ್ರಕ್ಕೋ ಹರದನಹಳ್ಳಿಯ ಕೃಷಿ ವಿಜ್ಞಾನ ಕೇಂದ್ರಕ್ಕೋ ಅದೇ ದಿನ ತಲಪಿಸಿದರೆ, ತಿಳಿಯದೆ ಕೊಳ್ಳುವ ಔಷಧದ ಹಣ ಉಳಿಯುವುದು. ನೆರೆಹೊರೆಯವರ ಬೆಳೆಯೂ ಉಳಿಯುವುದು.