ಸ್ನೇಹಲತಾ ರೆಡ್ಡಿ ಮತ್ತು ನಮ್ಮ ಖಾಸಗಿತನದ ಹಕ್ಕು

ತುರ್ತುಪರಿಸ್ಥಿತಿಯ ಘೋಷಣೆಗೆ 2025ರ ಜೂನ್ 25ರಂದು 50 ವರ್ಷ ತುಂಬಿತು. ಆ ದಿನಗಳ ಮಾತು ಬಂದಾಗ ನಾವು ರಾಜಕಾರಣಿಗಳನ್ನೇ ನೆನೆಯುತ್ತೇವೆ. ಆದರೆ ಶಿವಮೊಗ್ಗ, ಭದ್ರಾವತಿಯ ಜನರು ಮರೆಯಬಾರದ ಕಲಾವಿದೆಯೊಬ್ಬರಿದ್ದಾರೆ. ಇಂದು ಮೊಬೈಲ್ ಹಿಡಿದ ಪ್ರತಿಯೊಬ್ಬರಿಗೂ ಅವರ ಬದುಕಿನಿಂದ ಕಲಿಯುವುದಿದೆ.

‘ಸಂಸ್ಕಾರ’ ಕಾದಂಬರಿಯನ್ನು ಬರೆದ ಅನಂತಮೂರ್ತಿ ತೀರ್ಥಹಳ್ಳಿ ತಾಲ್ಲೂಕಿನ ಮೇಳಿಗೆಯವರು. ಅದು ಚಲನಚಿತ್ರವಾದಾಗ ನಾರಣಪ್ಪನ ಪಾತ್ರ ವಹಿಸಿದ ಲಂಕೇಶ್ ನಮ್ಮ ಕೊನಗವಳ್ಳಿಯವರು. ಚಂದ್ರಿಯಾಗಿ ಅಭಿನಯಿಸಿದವರು ಸ್ನೇಹಲತಾ ರೆಡ್ಡಿ. ಕ್ರೈಸ್ತ ಕುಟುಂಬದಲ್ಲಿ ಜನಿಸಿದ ಅವರು ‘ಮದ್ರಾಸ್ ಪ್ಲೇಯರ್ಸ್’ ನಾಟಕ ತಂಡದ ಸ್ಥಾಪಕರಲ್ಲೊಬ್ಬರು. ಅವರ ಪತಿ ಪಟ್ಟಾಭಿರಾಮ ರೆಡ್ಡಿ ನಿರ್ದೇಶಿಸಿದ ಆ ಚಿತ್ರವನ್ನು ಮೊದಲು ಸೆನ್ಸಾರ್ ಮಂಡಳಿ ತಡೆಹಿಡಿಯಿತು. ಬಳಿಕ ಅದೇ ಚಿತ್ರ 1970ರ ಅತ್ಯುತ್ತಮ ಚಿತ್ರವೆಂಬ ರಾಷ್ಟ್ರಪ್ರಶಸ್ತಿಗೆ ಪಾತ್ರವಾಯಿತು.

ಲೋಹಿಯಾ ವಿಚಾರಗಳನ್ನು ಒಪ್ಪಿದ್ದ ಈ ದಂಪತಿಗಳಿಗೆ ಮಂಗಳೂರಿನ ಕಥೊಲಿಕ ಮನೆತನದ ಜಾರ್ಜ್ ಫೆರ್ನಾಂಡಿಸ್ ಆಪ್ತರಾಗಿದ್ದರು. ಆ ಸ್ನೇಹವೇ ಅಪರಾಧವೆನಿಸಿತು. 1976ರ ಮೇ 2ರಂದು ಸ್ನೇಹಲತಾ ಅವರನ್ನು ಬರೋಡಾ ಡೈನಮೈಟ್ ಪ್ರಕರಣದ ನೆಪದಲ್ಲಿ ಬಂಧಿಸಿ ಬೆಂಗಳೂರು ಸೆರೆಮನೆಯಲ್ಲಿರಿಸಲಾಯಿತು. ಅವರು ಅಸ್ತಮಾ ರೋಗಿ. ಅಂಥ ಸ್ಥಿತಿಯಲ್ಲೂ ಸಹಬಂದಿ ಸ್ತ್ರೀಯರ ಮೇಲಿನ ಹೊಡೆತದ ವಿರುದ್ಧ ದನಿಯೆತ್ತಿದರು. ಒಳ್ಳೆಯ ಊಟಕ್ಕಾಗಿ ಉಪವಾಸ ಕೂತರು. ದೋಷಾರೋಪಪಟ್ಟಿ ಸಿದ್ಧವಾದಾಗ ಅದರಲ್ಲಿ ಅವರ ಹೆಸರೇ ಇರಲಿಲ್ಲ, ಆದರೂ ಬಿಡುಗಡೆಯಾಗಲಿಲ್ಲ. ಕಾಯಿಲೆ ಕೈಮೀರಿದ ಮೇಲೆ 1977ರ ಜನವರಿ 15ರಂದು ಪೆರೋಲ್ ಮೇಲೆ ಹೊರಬಂದರು. ಐದೇ ದಿನಗಳಲ್ಲಿ ತೀರಿಕೊಂಡರು.

ಆಗ ನ್ಯಾಯಾಲಯ ಏನು ಮಾಡುತ್ತಿತ್ತು ಎಂಬ ಪ್ರಶ್ನೆ ಸಹಜ. ಅವರ ಬಂಧನಕ್ಕೆ ನಾಲ್ಕು ದಿನ ಮುಂಚೆ, ಏಪ್ರಿಲ್ 28ರಂದು, ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳಲ್ಲಿ ನಾಲ್ವರು, ತುರ್ತುಪರಿಸ್ಥಿತಿಯಲ್ಲಿ ಸೆರೆಯಾದವರು ಬಿಡುಗಡೆ ಕೋರಿ ನ್ಯಾಯಾಲಯದ ಮೊರೆಹೋಗುವಂತಿಲ್ಲವೆಂದು ತೀರ್ಪಿತ್ತಿದ್ದರು. ಭಿನ್ನಮತ ದಾಖಲಿಸಿದವರು ನ್ಯಾಯಮೂರ್ತಿ ಎಚ್. ಆರ್. ಖನ್ನಾ ಒಬ್ಬರೇ.

ಆ ತೀರ್ಪನ್ನು ವಿಧಿಪೂರ್ವಕವಾಗಿ ತಳ್ಳಿಹಾಕಲು 41 ವರ್ಷ ಬೇಕಾಯಿತು. ಅದಕ್ಕೆ ಕಾರಣರಾದವರೂ ಕರ್ನಾಟಕದವರೇ. ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿ 2012ರಲ್ಲಿ, ತಮ್ಮ 86ನೆಯ ವಯಸ್ಸಿನಲ್ಲಿ, ಆಧಾರ್ ಯೋಜನೆಯನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋದರು. 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳು ಖಾಸಗಿತನ ಮೂಲಭೂತ ಹಕ್ಕೆಂದು ಒಮ್ಮತದಿಂದ ಸಾರಿದರು. 1976ರ ತೀರ್ಪು ತಪ್ಪೆಂದು ಅಲ್ಲಿಯೇ ಘೋಷಿಸಲಾಯಿತು. ಬೆರಳಚ್ಚು, ಫೋನ್ ಮಾತು, ಸಂದೇಶಗಳ ರಕ್ಷಣೆಯ ಪ್ರಶ್ನೆಯೂ ಸ್ನೇಹಲತಾ ಕಳೆದುಕೊಂಡ ಸ್ವಾತಂತ್ರ್ಯವೂ ಒಂದೇ ಬೇರಿನವು ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಅಂದು ದೆಹಲಿಯಲ್ಲಿ ಪತ್ರಿಕೆಗಳ ಬಾಯಿ ಮುಚ್ಚಿಸಲು ಮುದ್ರಣಾಲಯಗಳ ವಿದ್ಯುತ್ ಕಡಿಯಲಾಗಿತ್ತು. ಭದ್ರಾವತಿಯಲ್ಲಿ ಪತ್ರಿಕಾ ಕಾಗದ ತಯಾರಿಸುತ್ತಿದ್ದ ಎಂ.ಪಿ.ಎಂ. ಕಾರ್ಖಾನೆ ಈಗ ನಿಂತಿದೆ. ಸುದ್ದಿ ಮೊಬೈಲಿಗೆ ಬಂದಿದೆ. ಕಡಿಯುವ ತಂತಿಯೂ ಬದಲಾಗಿದೆ. 2019ರ ಡಿಸೆಂಬರ್‌ನಲ್ಲಿ ಮಂಗಳೂರಿನ ಗೋಲಿಬಾರಿನ ಬಳಿಕ ಮೊಬೈಲ್ ಇಂಟರ್‌ನೆಟ್ ನಿಲ್ಲಿಸಲಾಯಿತು. ಸುಳ್ಳುಸುದ್ದಿ ಹರಡಿ ರಕ್ತ ಹರಿಯಬಾರದೆಂಬ ಸರಕಾರದ ಆತಂಕ ಹುರುಳಿಲ್ಲದ್ದೇನಲ್ಲ. ಆದರೆ ಇಂಥ ಆಜ್ಞೆಗಳನ್ನು ಪ್ರಕಟಿಸಲೇಬೇಕು, ಅವು ಅನಿರ್ದಿಷ್ಟ ಕಾಲ ಜಾರಿಯಲ್ಲಿರಬಾರದು ಎಂದು ಸುಪ್ರೀಂ ಕೋರ್ಟು 2020ರ ಜನವರಿ 10ರಂದು ಹೇಳಿದೆ.

ಯೇಸುಸಭೆಯ ಗುರು ವಂದನೀಯ ಸ್ಟ್ಯಾನ್ ಸ್ವಾಮಿಯವರನ್ನೂ ಇಲ್ಲಿ ನೆನೆಯಬೇಕು. ಹಲವು ವರ್ಷ ಬೆಂಗಳೂರಿನ ಇಂಡಿಯನ್ ಸೋಷಿಯಲ್ ಇನ್‌ಸ್ಟಿಟ್ಯೂಟಿನ ನಿರ್ದೇಶಕರಾಗಿದ್ದ ಅವರನ್ನು 2020ರ ಅಕ್ಟೋಬರ್ 8ರಂದು ಬಂಧಿಸಲಾಯಿತು. ಪಾರ್ಕಿನ್ಸನ್ ರೋಗಿಯಾಗಿದ್ದ ಆ ವೃದ್ಧರು 2021ರ ಜುಲೈ 5ರಂದು, ಬಂಧನದಲ್ಲಿರುವಾಗಲೇ ನಿಧನರಾದರು. ಅವರ ಕಂಪ್ಯೂಟರಿನ ಕಡತಗಳೇ ಸಾಕ್ಷ್ಯವೆಂದು ತನಿಖಾ ಸಂಸ್ಥೆ ಹೇಳಿತ್ತು. ಅವು ತಮ್ಮವಲ್ಲವೆಂದು ಅವರು ಹೇಳಿದ್ದರು. ಅವುಗಳನ್ನು ಹೊರಗಿನವರು ಕದ್ದುಮುಚ್ಚಿ ಸೇರಿಸಿದ್ದರೆಂದು ಅಮೆರಿಕದ ಆರ್ಸೆನಲ್ ಸಂಸ್ಥೆಯ ವರದಿ 2022ರ ಡಿಸೆಂಬರ್‌ನಲ್ಲಿ ತಿಳಿಸಿತು. ಸತ್ಯ ಯಾವುದೆಂದು ವಿಚಾರಣೆಯಲ್ಲಿ ತೀರ್ಮಾನವಾಗುವ ಮೊದಲೇ ಅವರು ಕಣ್ಮುಚ್ಚಿದ್ದರು. ವಿಚಾರಣೆಯೇ ಇಲ್ಲದ ಸೆರೆ ಸ್ನೇಹಲತಾ ಅವರ ಕಾಲಕ್ಕೆ ಮುಗಿಯಲಿಲ್ಲ.

‘ನಾವು ತಪ್ಪು ಮಾಡಿಲ್ಲ, ನಮಗೇಕೆ ಭಯ’ ಎನ್ನುವವರು ಈ ಇಬ್ಬರ ಕತೆಯನ್ನು ಓದಬೇಕು. ಹಕ್ಕಿನ ಅಗತ್ಯ ತಪ್ಪಿತಸ್ಥರಿಗಿಂತ ನಿರಪರಾಧಿಗಳಿಗೇ ಹೆಚ್ಚು. ನಮ್ಮ ವಿವರಗಳನ್ನು ಯಾರು ಕೇಳಿದರೂ, ಯಾವುದಕ್ಕೆ, ಎಷ್ಟು ದಿನಕ್ಕೆ ಎಂದು ಮರುಪ್ರಶ್ನಿಸುವುದನ್ನು ಮಕ್ಕಳಿಗೆ ಕಲಿಸೋಣ. ಈ ಶಿಸ್ತು ನಮ್ಮಿಂದಲೇ ಆರಂಭವಾಗಲಿ: ಧರ್ಮಕೇಂದ್ರದ ಕುಟುಂಬಗಳ ಪಟ್ಟಿಯನ್ನಾಗಲಿ, ರೋಗಿಯೊಬ್ಬರ ಚಿತ್ರವನ್ನಾಗಲಿ ಅವರ ಒಪ್ಪಿಗೆಯಿಲ್ಲದೆ ವಾಟ್ಸ್‌ಆ್ಯಪ್ ಗುಂಪಿಗೆ ಹಾಕದಿರೋಣ. ನೆರೆಯವನ ಖಾಸಗಿತನವನ್ನು ಗೌರವಿಸದವರು ಸರಕಾರದಿಂದ ಅದನ್ನು ಕೇಳುವುದು ಹೇಗೆ?